ಓಟದ ಹಿಂದಿನ ದಿನದ ಬೂಟು

ಮುಂಗಾರು ಹದವಾಗಿ ಸುರಿದು, ಹೊಲಗಳಲ್ಲಿ ಎಡೆಕುಂಟೆ ಹೊಡೆಯುವ ಕೆಲಸ ಮುಗಿಯುತ್ತ ಬಂದಾಗ ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಆರಂಭವಾಗುತ್ತದೆ. ಕಾಗಿನೆಲೆಯ ಮಕ್ಕಳು ಮೊದಲು ತಮ್ಮ ಹೋಬಳಿಯಲ್ಲಿ ಓಡುತ್ತಾರೆ. ಅಲ್ಲಿ ಗೆದ್ದವರು ಬ್ಯಾಡಗಿಗೆ, ಬ್ಯಾಡಗಿಯಲ್ಲಿ ಗೆದ್ದವರು ಹಾವೇರಿಗೆ ಹೋಗುತ್ತಾರೆ. ಈ ಏಣಿಯ ಮೊದಲ ಮೆಟ್ಟಿಲನ್ನು ಬರಿಗಾಲಿನಲ್ಲಿಯೇ ಹತ್ತಿದ ಮಕ್ಕಳು ಅನೇಕರು. ಶಾಲೆಯ ಬಯಲಿನಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಓಡಿ ಪಳಗಿದ ಕಾಲುಗಳು ಅವರವು.

ಹೀಗೆ ಗೆದ್ದ ಮಗುವನ್ನು ದೊಡ್ಡ ಊರಿನ ಕೂಟಕ್ಕೆ ಕಳುಹಿಸುವಾಗ ಮನೆಯವರಿಗೂ ಶಾಲೆಯವರಿಗೂ ಒಂದು ಅಭಿಮಾನ ಹುಟ್ಟುತ್ತದೆ. ನಮ್ಮ ಮಗಳು ಬರಿಗಾಲಿನಲ್ಲಿ ಓಡಿದರೆ ನೋಡಿದವರು ಏನೆಂದಾರು ಎಂಬ ಸಂಕೋಚವೂ ಅದರ ಜೊತೆಗೆ ಸೇರಿಕೊಳ್ಳುತ್ತದೆ. ಓಟದ ಹಿಂದಿನ ದಿನ ಸಂಜೆ ಪೇಟೆಯಿಂದ ಹೊಸ ಬೂಟು ಬರುತ್ತದೆ. ಕೊಳ್ಳಲು ಹಣವಿಲ್ಲದಿದ್ದರೆ ಅಣ್ಣನ ಬೂಟು, ನೆರೆಮನೆಯವರ ಬೂಟು, ಹೋದ ವರ್ಷ ಶಾಲೆ ಬಿಟ್ಟವರ ಬೂಟು ಬರುತ್ತದೆ. ಮಗು ಅದನ್ನು ತೊಟ್ಟು, ಕನ್ನಡಿಯ ಮುಂದೆ ನಿಂತು, ಹಿಗ್ಗುತ್ತದೆ. ಮರುದಿನ ಮೂರು ಸಾವಿರ ಮೀಟರು ಓಟ. ನಾಲ್ಕು ನೂರು ಮೀಟರಿನ ಅಂಕಣವಾದರೆ ಏಳೂವರೆ ಸುತ್ತು. ಮೂರನೆಯ ಸುತ್ತಿನಲ್ಲಿ ಹಿಮ್ಮಡಿಯಲ್ಲಿ ಬಿಸಿ ಕಾಣಿಸಿಕೊಳ್ಳುತ್ತದೆ, ಐದನೆಯ ಸುತ್ತಿನಲ್ಲಿ ಉರಿ. ಆರನೆಯ ಸುತ್ತಿಗೆ ಮಗು ಕುಂಟುತ್ತಿರುತ್ತದೆ. ಹೋಬಳಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಕಾಲು ತಾಲ್ಲೂಕಿನಲ್ಲಿ ಕೊನೆಯವರ ಸಾಲಿಗೆ ಬಂದು ನಿಲ್ಲುತ್ತದೆ.

ಹಿಂದಿನ ದಿನ ಕೊಟ್ಟ ಬೂಟು, ಎಷ್ಟೇ ಪ್ರೀತಿಯಿಂದ ಕೊಟ್ಟದ್ದಾಗಿರಲಿ, ಕೊಡುಗೆಯಲ್ಲ, ಕಾಲ್ತೊಡಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಬೂಟು ಬೇಡವೆಂದು ವಾದಿಸಲು ನಾನು ಹೊರಟಿಲ್ಲ. ಬೂಟು ಬೇಕು, ಆದರೆ ಅದು ವಾರಗಳ ಮೊದಲೇ ಬರಬೇಕು. ಹಾಗೆ ಬಾರದಿದ್ದರೆ ಆ ಓಟದ ಮಟ್ಟಿಗೆ ಅದು ಪೆಟ್ಟಿಗೆಯಲ್ಲಿಯೇ ಇರಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಗುವ ನಾವು, ಓಟದ ದಿನ ಬೂಟಿನ ಅಭ್ಯಾಸ ಮಾಡಿಸುವುದನ್ನು ಕಂಡು ನಗುವುದಿಲ್ಲ. ಇದು ಸೋಜಿಗವೇ ಸರಿ.

ಬೂಟು ಕಚ್ಚಿದಾಗ ಏಳುವ ನೀರುಗುಳ್ಳೆಯನ್ನು ಕುರಿತು ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಬೂಟು ಚರ್ಮವನ್ನು ಮೇಲಿನಿಂದ ಉಜ್ಜಿ ಸವೆಸುವುದರಿಂದ ಗುಳ್ಳೆ ಏಳುತ್ತದೆಂದು ಬಹುಮಂದಿ ನಂಬಿದ್ದಾರೆ. ಉಜ್ಜಿ ಸವೆದರೆ ಆಗುವುದು ತರಚುಗಾಯ, ಗುಳ್ಳೆಯಲ್ಲ. ಗುಳ್ಳೆಯ ಹುಟ್ಟು ಚರ್ಮದ ಒಳಗೆ. ನಿಮ್ಮ ಎಡಗೈಯ ಹಿಂಬದಿಯ ಮೇಲೆ ಬಲಗೈಯ ಬೆರಳನ್ನು ಗಟ್ಟಿಯಾಗಿ ಒತ್ತಿ, ಜಾರಗೊಡದೆ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿರಿ. ಮೇಲಿನ ಚರ್ಮ ಬೆರಳಿನೊಡನೆ ಸರಿಯುತ್ತದೆ, ಒಳಗಿನ ಎಲುಬು ಇದ್ದಲ್ಲಿಯೇ ಇರುತ್ತದೆ. ಎರಡರ ನಡುವಿನ ಪದರಗಳು ಎಳೆದಾಟಕ್ಕೆ ಸಿಲುಕುತ್ತವೆ. ಓಡುವವನ ಹಿಮ್ಮಡಿಯಲ್ಲಿ ನಡೆಯುವುದೂ ಇದೇ. ಹೊರಚರ್ಮ ಕಾಲುಚೀಲಕ್ಕೆ ಅಂಟಿದಂತೆ ನಿಲ್ಲುತ್ತದೆ, ಒಳಗಿನ ಎಲುಬು ಹೆಜ್ಜೆ ಹೆಜ್ಜೆಗೂ ಸರಿದಾಡುತ್ತದೆ. ಮೂರು ಸಾವಿರ ಮೀಟರು ಓಡುವಷ್ಟರಲ್ಲಿ ಒಂದೊಂದು ಪಾದವೂ ಸುಮಾರು ಸಾವಿರ ಸಲ ನೆಲವನ್ನು ಮೆಟ್ಟುತ್ತದೆ. ಸಾವಿರ ಸಲ ಎಳೆದಾಡಿಸಿಕೊಂಡ ಪದರದಲ್ಲಿ ಜೀವಕೋಶಗಳು ಹರಿದು ಒಂದು ಬಿರುಕು ಮೂಡುತ್ತದೆ. ಸುತ್ತಲಿನ ತಿಳಿನೀರು ಆ ಬಿರುಕಿಗೆ ಜಿನುಗಿ ತುಂಬಿಕೊಳ್ಳುತ್ತದೆ. ಅದೇ ಗುಳ್ಳೆ. ಅಂಗೈ, ಅಂಗಾಲು, ಹಿಮ್ಮಡಿಗಳಂತಹ ದಪ್ಪ ಚರ್ಮದ ಜಾಗಗಳಲ್ಲಿ ಅದು ಏಳುವುದು ಹೆಚ್ಚು. ತೆಳುಚರ್ಮವಾದರೆ ಗುಳ್ಳೆಯಾಗುವ ಮೊದಲೇ ಹರಿದುಹೋಗುತ್ತದೆ.

ಒದ್ದೆಯ ಪಾತ್ರವೂ ಇಲ್ಲಿ ದೊಡ್ಡದು. ಪುಸ್ತಕದ ಹಾಳೆ ಮಗುಚುವವರು ಬೆರಳನ್ನು ನಾಲಗೆಗೆ ತಾಗಿಸಿಕೊಳ್ಳುವುದನ್ನು ನೀವು ಕಂಡಿರಬಹುದು. (ಒಳ್ಳೆಯ ಅಭ್ಯಾಸವಲ್ಲ; ಗ್ರಂಥಾಲಯದ ಪುಸ್ತಕಗಳಿಗಂತೂ ಅಲ್ಲವೇ ಅಲ್ಲ.) ತುಸು ತೇವವಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಬೆವರಿದ ಕಾಲು ಕಾಲುಚೀಲವನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ನಮ್ಮ ಕ್ರೀಡಾಕೂಟಗಳು ನಡೆಯುವುದು ಜಿಟಿಜಿಟಿ ಮಳೆಯ ದಿನಗಳಲ್ಲಿ. ಬೆಳಗಿನ ಹುಲ್ಲಿನ ಮೇಲೆ ನಡೆದು ತೊಯ್ದ ಕಾಲುಚೀಲದಲ್ಲಿಯೇ ಮಧ್ಯಾಹ್ನದ ಓಟಕ್ಕೆ ನಿಲ್ಲುವ ಮಗು ಗುಳ್ಳೆಯನ್ನು ಆಹ್ವಾನಿಸಿದಂತೆಯೇ.

ಬರಿಗಾಲಿನಲ್ಲಿ ಓಡಿ ಕಾಲು ಗಟ್ಟಿಯಾದ ಹಳ್ಳಿಯ ಮಗುವಿಗೆ ಬೂಟು ಕಚ್ಚುವುದಾದರೂ ಏಕೆ? ಆ ಕಾಲು ಗಟ್ಟಿಯಾಗಿರುವುದು ನೆಲ ತಾಗುವ ಕಡೆ, ಎಂದರೆ ಅಂಗಾಲಿನಲ್ಲಿ. ಬೂಟು ಹಿಡಿಯುವುದು ಹಿಮ್ಮಡಿಯ ಹಿಂಭಾಗವನ್ನು, ಬೆರಳುಗಳ ಮೇಲ್ಭಾಗವನ್ನು, ಹೆಬ್ಬೆರಳಿನ ಪಕ್ಕವನ್ನು. ಆ ಜಾಗಗಳಿಗೆ ಈವರೆಗೆ ಗಾಳಿಯಲ್ಲದೆ ಬೇರೇನೂ ತಾಗಿರುವುದಿಲ್ಲ. ವರ್ಷಗಟ್ಟಲೆ ದುಡಿದ ಅಂಗಾಲಿನ ಅನುಭವ ಹಿಮ್ಮಡಿಯ ಉಪಯೋಗಕ್ಕೆ ಬಾರದು. ಆದುದರಿಂದ ಪಟ್ಟಣದಲ್ಲಿ ದಿನವೂ ಬೂಟು ತೊಡುವ ಮಗುವಿಗಿಂತ ಈ ಮಗುವೇ ಹೊಸ ಬೂಟಿಗೆ ಬೇಗ ಸೋಲುತ್ತದೆ. ಇದನ್ನು ಕಂಡು ‘ಹಳ್ಳಿ ಮಕ್ಕಳಿಗೆ ಬೂಟಿನಲ್ಲಿ ಓಡಲು ಬರುವುದಿಲ್ಲ’ ಎಂದು ಹೇಳುವವರಿದ್ದಾರೆ. ಮೂರು ವಾರದ ಅಭ್ಯಾಸವನ್ನು ಒಂದು ರಾತ್ರಿಯಲ್ಲಿ ಕೇಳಿದರೆ ಯಾರಿಗೂ ಬರುವುದಿಲ್ಲ.

ಈ ವಿವೇಕ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಎಳೆಯ ಹೋರಿಯನ್ನು ಪಳಗಿಸುವ ರೈತನನ್ನು ನೋಡಿರಿ. ಮೊದಲ ದಿನವೇ ಅವನು ಅದರ ಹೆಗಲ ಮೇಲೆ ನೊಗವಿಟ್ಟು ತುಂಬಿದ ಗಾಡಿಯನ್ನು ಎಳೆಸುವುದಿಲ್ಲ. ಕೆಲವು ದಿನ ಬರಿಯ ನೊಗ, ಕೆಲವು ದಿನ ಬರಿಯ ಗಾಡಿ, ಆಮೇಲೆ ಹೊರೆ. ಹೆಗಲು ಬಾತರೆ ಹೋರಿಗೆ ವಿಶ್ರಾಂತಿ. ದೀಪಾವಳಿಯ ಹೋರಿ ಬೆದರಿಸುವ ಹಬ್ಬಕ್ಕಾಗಿ ಹಾವೇರಿ ಜಿಲ್ಲೆಯ ರೈತರು ತಮ್ಮ ಹೋರಿಗಳನ್ನು ತಿಂಗಳುಗಟ್ಟಲೆ ಮೇಯಿಸಿ, ಓಡಿಸಿ, ಮೈತಿಕ್ಕಿ ಸಿದ್ಧಗೊಳಿಸುತ್ತಾರೆ. ಕೊರಳಿನಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಜನರ ನಡುವೆ ಗಾಳಿಯಂತೆ ನುಗ್ಗುವ ಆ ಹೋರಿಯ ಗೊರಸಿನ ಮೇಲೆ ಯಜಮಾನನಿಗೆ ಇರುವ ಗಮನದ ಅರ್ಧದಷ್ಟು, ಓಟಕ್ಕೆ ಹೋಗುವ ಮಗುವಿನ ಹಿಮ್ಮಡಿಯ ಮೇಲೆ ಇದ್ದರೆ ಸಾಕಾಗಿತ್ತು.

ಚಪ್ಪಲಿಯ ವಿಷಯದಲ್ಲಿಯೂ ಹಾಗೆಯೇ. ಹಿಂದೆ ಹೊಸ ತೊಗಲಿನ ಚಪ್ಪಲಿ ಕೊಂಡವರು ಅದಕ್ಕೆ ಎಣ್ಣೆಯುಣಿಸಿ, ಮೆತ್ತಗಾಗಿಸಿ, ಮೊದಲು ಮನೆಯಂಗಳದಲ್ಲಿ ಮೆಟ್ಟಿ, ಬಳಿಕ ಹೊಲಕ್ಕೆ, ಆಮೇಲೆ ಸಂತೆಗೆ ಮೆಟ್ಟಿಕೊಂಡು ಹೋಗುತ್ತಿದ್ದರು. ಹೊಸ ಚಪ್ಪಲಿ ಮೆಟ್ಟಿ ದೂರದ ಜಾತ್ರೆಗೆ ನಡೆದವನನ್ನು ಊರು ಜಾಣನೆಂದು ಕರೆಯುತ್ತಿರಲಿಲ್ಲ. ತೊಗಲಿನ ಕಾಲ ಕಳೆದು ರಬ್ಬರು, ನೈಲಾನುಗಳ ಕಾಲ ಬಂತು. ಅಂಗಡಿಯ ಬೂಟು ಮೆತ್ತಗೆ ಕಾಣುವುದರಿಂದ ಅದನ್ನು ಪಳಗಿಸಬೇಕಾಗಿಲ್ಲವೆಂಬ ಭ್ರಮೆಯೂ ಬಂತು. ಬೂಟು ಮೆತ್ತಗಿದ್ದರೂ ಅದರ ಹಿಮ್ಮಡಿಯ ಪಟ್ಟಿ ಗಡುಸು. ಅಲ್ಲದೆ ಪಳಗಬೇಕಾದದ್ದು ಬೂಟಷ್ಟೇ ಅಲ್ಲ, ಕಾಲೂ ಹೌದು. ಸ್ವಲ್ಪ ಸ್ವಲ್ಪವಾಗಿ ತಿಕ್ಕಾಟ ತಾಗಿದ ಚರ್ಮ ದಪ್ಪವಾಗುತ್ತದೆ. ಒಮ್ಮೆಲೇ ತಾಗಿದ ಚರ್ಮ ಗುಳ್ಳೆಯಾಗುತ್ತದೆ.

ಕಾಗಿನೆಲೆಯ ಹೆಸರು ಹೇಳಿದಾಗ ಕನಕದಾಸರ ನೆನಪಾಗದೆ ಇರದು. ಅವರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗಕ್ಕೂ, ಎಂದರೆ ರಾಗಿಗೂ, ಯಾರು ದೊಡ್ಡವರೆಂಬ ವಾದ ಹುಟ್ಟುತ್ತದೆ. ಸಭೆಯ ಮಾತು ಕೇಳಿ ಅಂದೇ ತೀರ್ಪು ಕೊಡದೆ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಹೊರಗೆ ತಂದಾಗ ಯಾವುದು ಕೆಟ್ಟಿದೆ, ಯಾವುದು ಉಳಿದಿದೆ ಎಂಬುದೇ ತೀರ್ಪಾಗುತ್ತದೆ. ಬೂಟು ಹೆಚ್ಚೋ ಬರಿಗಾಲು ಹೆಚ್ಚೋ ಎಂಬ ವಾದವನ್ನು ಓಟದ ದಿನದ ಬೆಳಿಗ್ಗೆ ತೀರ್ಮಾನಿಸಹೊರಟವರಿಗೆ ಈ ಕತೆಯನ್ನು ಹೇಳಬೇಕೆನಿಸುತ್ತದೆ. ಬೂಟಿಗೆ ಆರು ತಿಂಗಳು ಬೇಡ, ಮೂರು ನಾಲ್ಕು ವಾರ ಸಾಕು.

ಜಗತ್ತಿನ ಬಹು ದೊಡ್ಡ ಓಟವೊಂದರಲ್ಲಿ ಈ ಪ್ರಶ್ನೆ ಒಬ್ಬ ಓಟಗಾರನ ಮುಂದೆ ಬಂದು ನಿಂತಿತ್ತು. 1960ರ ಸೆಪ್ಟೆಂಬರಿನಲ್ಲಿ ಇಟಲಿಯ ರೋಮ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಇಥಿಯೋಪಿಯದ ಸೈನಿಕ ಅಬೆಬೆ ಬಿಕಿಲ ಅಲ್ಲಿಗೆ ಬಂದಿದ್ದ. ಅಲ್ಲಿ ದೊರೆತ ಹೊಸ ಬೂಟುಗಳು ಅವನ ಕಾಲಿಗೆ ಹೊಂದಲಿಲ್ಲ. ಬರಿಗಾಲಿನಲ್ಲಿ ಓಡಿ ಅಭ್ಯಾಸವಿದ್ದ ಅವನು ಬೂಟನ್ನು ಬದಿಗಿಟ್ಟು, ರೋಮಿನ ಕಲ್ಲುಹಾಸಿನ ಬೀದಿಗಳಲ್ಲಿ ಬರಿಗಾಲಿನಲ್ಲಿಯೇ ಓಡಿದ. 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕವನ್ನು ಗೆದ್ದ. ಆವರೆಗೆ ಜಗತ್ತಿನಲ್ಲಿ ಯಾರೂ ಆ ದೂರವನ್ನು ಅಷ್ಟು ಬೇಗ ಓಡಿರಲಿಲ್ಲ. ನಾಲ್ಕು ವರ್ಷಗಳ ಬಳಿಕ, 1964ರಲ್ಲಿ, ಟೋಕಿಯೋದಲ್ಲಿ ಅದೇ ಬಿಕಿಲ ಬೂಟು ತೊಟ್ಟು ಓಡಿ, ಇನ್ನೂ ಮೂರು ನಿಮಿಷ ಬೇಗ ಗುರಿ ಮುಟ್ಟಿ, ಮತ್ತೆ ಗೆದ್ದ. ರೋಮಿನ ಕತೆಯನ್ನು ಹೇಳುವವರು ಬಹುಮಂದಿ. ಟೋಕಿಯೋದ ಕತೆಯನ್ನು ಸೇರಿಸಿ ಹೇಳುವವರು ಕಡಿಮೆ. ಎರಡನ್ನೂ ಸೇರಿಸಿದಾಗಲೇ ಬಿಕಿಲನ ಜಾಣ್ಮೆ ಕಾಣುವುದು. ಅವನು ಬೂಟಿನ ವಿರೋಧಿಯಾಗಿರಲಿಲ್ಲ. ಹೊಂದದ ಬೂಟನ್ನು ಒಲ್ಲೆನೆನ್ನುವ ಧೈರ್ಯ ಅವನಿಗಿತ್ತು, ಅಷ್ಟೆ.

ನಮ್ಮ ನಾಡಿಗೇ ಬಂದರೆ, 1919ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟವನ್ನು ನೋಡಿದ ಸರ್ ದೊರಾಬ್ಜಿ ಟಾಟಾ ಅವರು, ಹೊಲಗಳಲ್ಲಿ ದುಡಿಯುವ ರೈತಾಪಿ ಹುಡುಗರು ಒರಟು ನೆಲದ ಮೇಲೆ ಬರಿಗಾಲಿನಲ್ಲಿ ಓಡಿಯೂ ಯುರೋಪಿನವರಿಗೆ ಸರಿಗಟ್ಟುವ ವೇಗವನ್ನು ತೋರಿದ್ದನ್ನು ಕಂಡು ಬೆರಗಾದರು. ಆ ಬೆರಗಿನಿಂದಲೇ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ಒಂದು ಸಣ್ಣ ತಂಡ ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಅಂದಿನ ಮ್ಯಾರಥಾನಿನ ದೂರ 42.75 ಕಿಲೋಮೀಟರು, ಇಂದಿನದಕ್ಕಿಂತಲೂ ಅರ್ಧ ಕಿಲೋಮೀಟರು ಹೆಚ್ಚು. ಚೌಗುಲೆಯವರು ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಕಾಗಿನೆಲೆಯಿಂದ ಬೆಳಗಾವಿ ದೂರದ ಊರೇನೂ ಅಲ್ಲ. ಆದರೂ ಅವರ ಹೆಸರನ್ನು ನಮ್ಮ ಮಕ್ಕಳು ಕೇಳಿರುವುದು ಅಪರೂಪ.

ಹಾಗೆಂದು ಬರಿಗಾಲನ್ನು ದೇವರ ಪಟ್ಟಕ್ಕೇರಿಸುವುದೂ ಸರಿಯಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡಿನ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿ, ಫ್ರಾನ್ಸಿಗೆ 2-1ರಿಂದ ಮಾತ್ರ ಸೋತು, ಪ್ರೇಕ್ಷಕರ ಮೆಚ್ಚುಗೆ ಪಡೆದರು. ಮುಂದಿನ ಒಲಿಂಪಿಕ್ಸ್ 1952ರಲ್ಲಿ ಹೆಲ್ಸಿಂಕಿಯಲ್ಲಿ ನಡೆಯಿತು. ಅಲ್ಲಿಯ ಚಳಿಯ ನೆಲದಲ್ಲಿ, ಯುಗೊಸ್ಲಾವಿಯದ ಎದುರು, ಬರಿಗಾಲಿನ ಹೆಮ್ಮೆ ಉಪಯೋಗಕ್ಕೆ ಬರಲಿಲ್ಲ. ಹತ್ತು ಗೋಲುಗಳಿಗೆ ಒಂದು ಗೋಲು ಸಂದು ತಂಡ ಮರಳಿತು. ನಮ್ಮ ಊರುಗಳಲ್ಲಿಯೂ ಬರಿಗಾಲಿಗೆ ಬೆಲೆ ತೆರಬೇಕಾಗುತ್ತದೆ. ಜಾಲಿಮುಳ್ಳು ಇದೆ, ಒಡೆದ ಗಾಜು ಇದೆ, ಚರ್ಮವನ್ನು ಕೊರೆದು ದೇಹವನ್ನು ಸೇರುವ ಕೊಕ್ಕೆಹುಳುವಿದೆ, ಧನುರ್ವಾಯುವಿನ ಭಯವಿದೆ. ಆದುದರಿಂದಲೇ ಕರ್ನಾಟಕ ಸರ್ಕಾರವು 2015-16ನೆಯ ಸಾಲಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬೂಟು ಮತ್ತು ಕಾಲುಚೀಲ ಕೊಡುವ ಯೋಜನೆಯನ್ನು ಆರಂಭಿಸಿದ್ದು ಒಳ್ಳೆಯ ಕೆಲಸ. ಆದರೆ ಆ ಕಪ್ಪು ಬೂಟು ಶಾಲೆಗೆ ನಡೆದು ಬರಲು ಇರುವುದು, ಓಟಕ್ಕಲ್ಲ. ಅದರ ಅಡಿ ಗಡುಸು, ಬಾಗುವುದು ಕಡಿಮೆ. ಅದನ್ನೇ ತೊಡಿಸಿ ಮೂರು ಸಾವಿರ ಮೀಟರು ಓಡಿಸುವ ಬದಲು ಬರಿಗಾಲೇ ಲೇಸು.

‘ಬೂಟಿಲ್ಲದೆ ಓಡಲು ಬಿಡುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮಗಳ ಪ್ರಕಾರ ಸ್ಪರ್ಧಿಯು ಬರಿಗಾಲಿನಲ್ಲಿ ಓಡಬಹುದು, ಎರಡೂ ಕಾಲಿಗೆ ಬೂಟು ತೊಟ್ಟು ಓಡಬಹುದು, ಅಷ್ಟೇಕೆ, ಒಂದೇ ಕಾಲಿಗೆ ಬೂಟು ತೊಟ್ಟೂ ಓಡಬಹುದು. ಜಗತ್ತಿನ ಅತಿ ದೊಡ್ಡ ಕ್ರೀಡಾಂಗಣದಲ್ಲಿ ಇರುವ ಈ ಸ್ವಾತಂತ್ರ್ಯವನ್ನು ತಾಲ್ಲೂಕು ಕ್ರೀಡಾಂಗಣದಲ್ಲಿ ಯಾರೂ ಕಸಿಯಲಾಗದು. ಬರಿಗಾಲಿನಲ್ಲಿ ಗೆದ್ದುಬಂದ ಮಗುವಿಗೆ ಬೂಟನ್ನು ಕಡ್ಡಾಯ ಮಾಡುವ ಹಿರಿಯರು ಶಿಸ್ತನ್ನು ಕಾಪಾಡುತ್ತಿದ್ದೇವೆಂದು ತಿಳಿಯುತ್ತಾರೆ. ನಿಜವಾಗಿ ಅವರು ಕಾಪಾಡುತ್ತಿರುವುದು ತಮ್ಮ ಮರ್ಯಾದೆಯನ್ನು.

ಸಕಾಲದಲ್ಲಿ ಬೂಟು ಕೊಳ್ಳುವ ಭಾಗ್ಯವಿದ್ದರೆ, ಸಂಜೆಯ ಹೊತ್ತು ಅಂಗಡಿಗೆ ಹೋಗುವುದು ಮೇಲು. ದಿನವೆಲ್ಲ ನಡೆದ ಕಾಲು ಸಂಜೆಗೆ ತುಸು ಊದಿರುತ್ತದೆ, ಓಡುವಾಗಲೂ ಅದು ಹೀಗೆಯೇ ಊದುತ್ತದೆ. ತೊಡುವ ಕಾಲುಚೀಲವನ್ನು ಜೊತೆಗೆ ಒಯ್ಯಬೇಕು. ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಆದರೆ ಹಿಮ್ಮಡಿ ಮೇಲೆ ಕೆಳಗೆ ಆಡಬಾರದು. ನಿಮ್ಮ ವಯಸ್ಸಿನಲ್ಲಿ ಕಾಲು ಇನ್ನೂ ಬೆಳೆಯುತ್ತಿರುತ್ತದೆ. ಹೋದ ವರ್ಷ ಸರಿಯಾಗಿದ್ದ ಬೂಟು ಈ ವರ್ಷ ಬೆರಳುಗಳನ್ನು ಒತ್ತಬಹುದು. ಮುಂದಿನ ವರ್ಷಕ್ಕೂ ಆಗಲೆಂದು ಎರಡು ಅಳತೆ ದೊಡ್ಡದನ್ನು ಕೊಳ್ಳುವ ಮನೆಯವರ ಲೆಕ್ಕ ಅರ್ಥವಾಗುವಂಥದು. ಬಡತನಕ್ಕೆ ಅದರದೇ ಆದ ಗಣಿತವಿದೆ. ಆದರೆ ಸಡಿಲವಾದ ಬೂಟಿನಲ್ಲಿ ಹಿಮ್ಮಡಿ ಸರಿದಾಡುವುದರಿಂದ ಅದು ಬಿಗಿಯಾದ ಬೂಟಿನಷ್ಟೇ ಕಚ್ಚುತ್ತದೆ. ಅಂತಹ ಬೂಟನ್ನು ತೊಡಲೇಬೇಕಾದರೆ ಎರಡು ಕಾಲುಚೀಲಗಳನ್ನು ತೊಟ್ಟು, ದಾರವನ್ನು ಮೇಲಿನ ಕೊನೆಯ ತೂತಿನವರೆಗೂ ಹಾಕಿ ಬಿಗಿಯಬೇಕು. ತಿಕ್ಕಾಟ ಆಗ ಚರ್ಮದ ಮೇಲಲ್ಲ, ಎರಡು ಕಾಲುಚೀಲಗಳ ನಡುವೆ ನಡೆಯುತ್ತದೆ.

ಮೊದಲ ಎರಡು ಮೂರು ದಿನ ಆ ಬೂಟಿನಲ್ಲಿ ನಡೆದಾಡಿದರೆ ಸಾಕು. ಆಮೇಲೆ ಅಭ್ಯಾಸದ ಒಂದು ಸುತ್ತು ಬೂಟಿನಲ್ಲಿ, ಉಳಿದದ್ದು ಹಳೆಯ ರೀತಿಯಲ್ಲಿ. ವಾರ ಕಳೆದಂತೆ ಸುತ್ತುಗಳು ಹೆಚ್ಚಲಿ. ಎಲ್ಲಿಯಾದರೂ ಚರ್ಮ ಕೆಂಪಾಗಿ ಬಿಸಿಯಾದಂತೆ ತೋರಿದರೆ ಅಂದಿಗೆ ನಿಲ್ಲಿಸತಕ್ಕದ್ದು. ಗುಳ್ಳೆ ಏಳುವ ಮೊದಲು ಚರ್ಮ ಕೊಡುವ ಮುನ್ಸೂಚನೆ ಅದು. ಅದನ್ನು ಅಲಕ್ಷಿಸುವುದೆಂದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನು ತರಿಸಿದಂತೆ. ಆ ಕೆಂಪು ಜಾಗಕ್ಕೆ ಔಷಧದ ಅಂಗಡಿಯಲ್ಲಿ ಸಿಗುವ ಕಾಗದದ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಅಂಟಿಸಬಹುದು. ಗಾಯದ ಬಟ್ಟೆಯನ್ನು ಹಿಡಿದು ನಿಲ್ಲಿಸಲು ಬಳಸುವ ಅಗ್ಗದ ಪಟ್ಟಿಯದು. ಮರುಭೂಮಿಗಳಲ್ಲಿ ಆರೇಳು ದಿನ 250 ಕಿಲೋಮೀಟರು ಓಡುವ ನೂರಕ್ಕೂ ಹೆಚ್ಚು ಓಟಗಾರರ ಕಾಲುಗಳ ಮೇಲೆ ಅಮೆರಿಕದ ವೈದ್ಯರು ಇದನ್ನು ಪರೀಕ್ಷಿಸಿ, ಪಟ್ಟಿ ಅಂಟಿಸಿದ ಕಡೆ ಗುಳ್ಳೆಗಳು ಬಹಳ ಕಡಿಮೆಯೆಂದು 2016ರಲ್ಲಿ ಪ್ರಕಟಿಸಿದರು. ಇಷ್ಟು ಸುಲಭದ ಉಪಾಯ ಪ್ರತಿ ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏಕಿರಬಾರದು?

ಇಷ್ಟಾದರೂ ಕೆಲವೊಮ್ಮೆ ಗುಳ್ಳೆ ಎದ್ದೇ ಏಳುತ್ತದೆ, ಅದೂ ಓಟಕ್ಕೆ ಎರಡು ದಿನ ಇರುವಾಗ. ಆಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಸುಣ್ಣ ಹಚ್ಚು, ಬೂದಿ ಹಚ್ಚು, ಹಲ್ಲುಜ್ಜುವ ಪೇಸ್ಟು ಹಚ್ಚು, ಸೂಜಿಗೆ ದಾರ ಪೋಣಿಸಿ ಗುಳ್ಳೆಯೊಳಗೆ ಹಾಯಿಸಿ ದಾರವನ್ನು ಅಲ್ಲಿಯೇ ಬಿಡು. ಇವೆಲ್ಲವೂ ಹಿತಚಿಂತನೆಯ ಮಾತುಗಳೇ. ಆದರೆ ಒಂದನ್ನೂ ಕೇಳತಕ್ಕದ್ದಲ್ಲ. ಒಳಗೆ ಉಳಿದ ದಾರ ರೋಗಾಣುಗಳಿಗೆ ಹಾಕಿಕೊಟ್ಟ ಕಾಲುಸಂಕ. ಗುಳ್ಳೆ ಸಣ್ಣದಾಗಿದ್ದು ನೋವಿಲ್ಲದಿದ್ದರೆ ಅದನ್ನು ಒಡೆಯದೆ, ತೊಳೆದು, ಮೆತ್ತನೆಯ ಪಟ್ಟಿಯಿಂದ ಮುಚ್ಚಿದರೆ ಸಾಕು. ಅದರ ಮೇಲಿನ ಚರ್ಮವೇ ಅತ್ಯುತ್ತಮ ಹೊದಿಕೆ. ಪೇಟೆಯ ಯಾವ ಪಟ್ಟಿಯೂ ಅದಕ್ಕೆ ಸಾಟಿಯಿಲ್ಲ. ದೊಡ್ಡದಾಗಿ ಬಿಗಿದು ನಡೆಯಲಾಗದಷ್ಟು ನೋಯುತ್ತಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರು ಸಾಬೂನಿನಿಂದ ತೊಳೆದ ಕೈಯಲ್ಲಿ, ಶುದ್ಧಗೊಳಿಸಿದ ಸೂಜಿಯಿಂದ, ಗುಳ್ಳೆಯ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿ ನೀರನ್ನು ಇಳಿಸುತ್ತಾರೆ. ಆಗಲೂ ಮೇಲಿನ ಚರ್ಮವನ್ನು ಕತ್ತರಿಸಿ ತೆಗೆಯಬಾರದು. ನಮ್ಮ ಬ್ಯಾಡಗಿಯ ಕಡೆಯ ಮಕ್ಕಳಿಗೆ ಒಂದು ಮಾತನ್ನು ಹೆಚ್ಚಾಗಿ ಹೇಳಬೇಕು. ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈಯಿಂದ ಒಡೆದ ಗುಳ್ಳೆಯನ್ನು ಮುಟ್ಟಿದವರು ಆ ರಾತ್ರಿಯನ್ನು ಮರೆಯಲಾರರು. ಆ ಖಾರ ಬರಿಯ ನೀರಿಗೆ ಬಿಡುವುದಿಲ್ಲ.

ಗುಳ್ಳೆಯ ಅಡಿಯಲ್ಲಿ ದೇಹ ಕೂಡಲೇ ಕೆಲಸಕ್ಕೆ ತೊಡಗುತ್ತದೆ. ಒಂದು ದಿನದೊಳಗೆ ತಳದ ಜೀವಕೋಶಗಳು ಬಿರುಸಾಗಿ ಒಡೆದು ಹೆಚ್ಚತೊಡಗುತ್ತವೆ. ಸುಮಾರು ಐದು ದಿನಗಳಲ್ಲಿ ಮೇಲಿನ ಗಟ್ಟಿ ಪದರದ ವರೆಗೂ ಹೊಸ ಚರ್ಮ ಸಿದ್ಧವಾಗುತ್ತದೆ. ಈ ಲೆಕ್ಕವನ್ನು ಯಾವ ಮುಲಾಮೂ ಎರಡು ದಿನಕ್ಕೆ ಇಳಿಸಲಾರದು. ಗುಳ್ಳೆಯ ಸುತ್ತ ಕೆಂಪು ಹರಡಿದರೆ, ಕೀವು ತುಂಬಿದರೆ, ಕಾಲಿನ ಮೇಲೆ ಕೆಂಪು ಗೆರೆ ಏರಿದರೆ, ಜ್ವರ ಬಂದರೆ, ಆಗ ಓಟದ ಮಾತನ್ನೇ ಬಿಟ್ಟು ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ಒಂದು ಗುಳ್ಳೆಗೆ ಇಷ್ಟೊಂದು ಗಾಬರಿಯೇ ಎಂದು ನಗುವವರು ಕಾಲ್ವಿನ್ ಕೂಲಿಜ್ ಎಂಬ ಹುಡುಗನ ಕತೆಯನ್ನು ಕೇಳಬೇಕು. ಅವನ ತಂದೆ ಅಮೆರಿಕದ ಅಧ್ಯಕ್ಷರು. ತಂದೆಯದೂ ಅದೇ ಹೆಸರು. 1924ರ ಜೂನ್ ಕೊನೆಯ ದಿನ ಆ ಹುಡುಗ ಅಧ್ಯಕ್ಷರ ನಿವಾಸದ ಅಂಕಣದಲ್ಲಿ, ಕಾಲುಚೀಲವಿಲ್ಲದೆ ಬರಿಯ ಬೂಟು ತೊಟ್ಟು, ಟೆನಿಸ್ ಆಡಿದ. ಕಾಲ್ಬೆರಳಿನ ಮೇಲೆ ಒಂದು ಗುಳ್ಳೆ ಎದ್ದಿತು. ಅದು ನಂಜಾಯಿತು, ನಂಜು ರಕ್ತಕ್ಕೆ ಏರಿತು. ದೇಶದ ಹೆಸರಾಂತ ವೈದ್ಯರು ಸುತ್ತ ನೆರೆದರೂ ಜುಲೈ 7ರಂದು ಅವನು ತೀರಿಕೊಂಡ. ಅವನಿಗೆ ಆಗ ಹದಿನಾರು ವರ್ಷ. ಪೆನಿಸಿಲಿನ್ನಿನ ಗುಣ ಫ್ಲೆಮಿಂಗರ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಇಂದು ನಮ್ಮಲ್ಲಿ ಔಷಧಗಳಿವೆ. ಇಂತಹ ಸಾವು ಬಲು ಅಪರೂಪ. ಆದರೆ ಔಷಧ ಕೆಲಸ ಮಾಡುವುದು ಕಾಲನ್ನು ವೈದ್ಯರಿಗೆ ತೋರಿಸಿದ ಮೇಲೆಯೇ.

ತೋರಿಸುವುದೇ ಕಷ್ಟದ ಕೆಲಸ. ಗುಳ್ಳೆ ಎದ್ದ ಮಗು ಅದನ್ನು ಬಚ್ಚಿಡುತ್ತದೆ. ಹೇಳಿದರೆ ಓಟದಿಂದ ಬಿಡಿಸುತ್ತಾರೆಂಬ ಭಯ, ಅಷ್ಟು ಹಣ ಕೊಟ್ಟು ತಂದ ಬೂಟನ್ನು ದೂರಿದಂತಾಗುತ್ತದೆಂಬ ಸಂಕೋಚ. ಹೆಣ್ಣುಮಕ್ಕಳಲ್ಲಿ ಈ ಮೌನ ಇನ್ನೂ ಹೆಚ್ಚು. ನೋವನ್ನು ನುಂಗುವುದೇ ವೀರರ ಲಕ್ಷಣವೆಂಬ ಮಾತುಗಳು ಈ ಮೌನಕ್ಕೆ ನೀರೆರೆಯುತ್ತವೆ. 2015ರ ಬರ್ಲಿನ್ ಮ್ಯಾರಥಾನಿನಲ್ಲಿ ಕೆನ್ಯದ ಎಲಿಯುಡ್ ಕಿಪ್ಚೊಗೆ ಅವರ ಬೂಟಿನ ಒಳಅಡಿಗಳು ಹೊರಗೆ ಬಂದು ಪಟಪಟನೆ ಹೊಡೆಯುತ್ತಿದ್ದವು. ಗುಳ್ಳೆಯೆದ್ದು ರಕ್ತ ಸುರಿಯುತ್ತಿದ್ದರೂ ಅವರು 2 ಗಂಟೆ 4 ನಿಮಿಷಗಳಲ್ಲಿ ಓಡಿ ಗೆದ್ದರು. ಈ ಕತೆಯನ್ನು ಮಕ್ಕಳಿಗೆ ಸ್ಫೂರ್ತಿಗಾಗಿ ಹೇಳುವವರಿದ್ದಾರೆ. ಕಿಪ್ಚೊಗೆಯವರ ಸ್ಥೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಅವರು ತಮ್ಮ ಕಾಲನ್ನು ಬಲ್ಲ ಪ್ರಬುದ್ಧರು, ಓಟವೇ ಅವರ ವೃತ್ತಿ, ಗುರಿಯ ಆಚೆ ಅವರಿಗಾಗಿ ವೈದ್ಯರು ಕಾದಿದ್ದರು. ಹದಿನಾಲ್ಕು ವರ್ಷದ ಹುಡುಗಿ ಒಡೆದ ಗುಳ್ಳೆಯ ಮೇಲೆ ಅದೇ ತೊಯ್ದ ಕಾಲುಚೀಲವನ್ನು ಎಳೆದುಕೊಂಡು ಬಸ್ಸಿನಲ್ಲಿ ಊರಿಗೆ ಮರಳುತ್ತಾಳೆ. ಮರುದಿನ ಹೊಲಕ್ಕೂ ಹೋಗುತ್ತಾಳೆ. ಅವಳಿಗೆ ಈ ಕತೆಯನ್ನು ಹೇಳಿ ಓಡಿಸುವ ಅಧಿಕಾರ ಯಾರಿಗೂ ಇಲ್ಲ.

ಆದುದರಿಂದ ಕಾಲು ತೋರಿಸಲು ಮಗುವನ್ನು ಕೇಳಬೇಕಾದವರು ಹಿರಿಯರು. ಓಟಕ್ಕೆ ಮೂರು ದಿನ ಮೊದಲು, ಮತ್ತೆ ಓಟದ ಬೆಳಿಗ್ಗೆ, ದೈಹಿಕ ಶಿಕ್ಷಣದ ಶಿಕ್ಷಕರು ತಂಡದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಬೂಟು ಕಾಲುಚೀಲಗಳನ್ನು ತೆಗೆಸಿ, ಪಾದಗಳನ್ನು ನೋಡಲಿ. ಎಲ್ಲರೂ ತೋರಿಸುವಾಗ ಒಬ್ಬರಿಗೆ ನಾಚಿಕೆಯಿರದು. ಗುಳ್ಳೆಯಿದ್ದ ಮಗುವಿನ ಬದಲಿಗೆ ಇನ್ನೊಂದು ಮಗು ಓಡಲಿ, ಇಲ್ಲವೇ ಆ ಸ್ಪರ್ಧೆ ಆ ವರ್ಷಕ್ಕೆ ಹೋಗಲಿ. ಒಂದು ಕೂಟವನ್ನು ಬಿಟ್ಟುಕೊಟ್ಟ ಕಾಲು ಮುಂದಿನ ಕೂಟಕ್ಕೆ ಉಳಿಯುತ್ತದೆ.

ಬೂಟು ಕೊಡಿಸುವ ದಾನಿಗಳಿಗೂ ಒಂದು ಬಿನ್ನಹವಿದೆ. ಕ್ರೀಡಾಕೂಟದ ಉದ್ಘಾಟನೆಗೆ ಅತಿಥಿಗಳಾಗಿ ಬಂದು, ಹಾವೇರಿಯ ಏಲಕ್ಕಿ ಹಾರವನ್ನು ಕೊರಳಿಗೆ ಹಾಕಿಸಿಕೊಂಡು, ವೇದಿಕೆಯ ಮೇಲೆ ಮಕ್ಕಳಿಗೆ ಬೂಟು ಹಂಚುವ ಪದ್ಧತಿ ಅಲ್ಲಲ್ಲಿ ಕಾಣುತ್ತದೆ. ಏಲಕ್ಕಿ ಹಾರದ ಪರಿಮಳಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಅದೇ ಬೂಟು ಜೂನ್ ತಿಂಗಳಲ್ಲಿ, ಶಾಲೆ ತೆರೆದ ವಾರದಲ್ಲಿ, ವೇದಿಕೆಯೂ ಛಾಯಾಚಿತ್ರವೂ ಇಲ್ಲದೆ, ಮಗುವಿನ ಕಾಲನ್ನು ಅಳೆದು ಕೊಟ್ಟದ್ದಾದರೆ ಆ ಮಗು ಆಗಸ್ಟಿನಲ್ಲಿ ಅದನ್ನು ತೊಟ್ಟಿದ್ದೇನೆಂಬುದನ್ನೇ ಮರೆತು ಓಡೀತು. ಶಾಲೆಯ ಆಡಳಿತದವರು ಒಂದು ಕಟ್ಟಳೆಯನ್ನು ಮಾಡಿಕೊಳ್ಳಬಹುದು. ಓಟಕ್ಕೆ ಇಪ್ಪತ್ತೊಂದು ದಿನ ಮೊದಲು ಬಾರದ ಬೂಟನ್ನು ಆ ಓಟದಲ್ಲಿ ಯಾವ ಮಗುವಿಗೂ ತೊಡಿಸತಕ್ಕದ್ದಲ್ಲ; ಅದು ಮುಂದಿನ ಅಭ್ಯಾಸಕ್ಕೆಂದು ಶಾಲೆಯ ಕಪಾಟಿನಲ್ಲಿರಲಿ, ಮಗು ಹೋಬಳಿಯಲ್ಲಿ ಹೇಗೆ ಓಡಿತ್ತೋ ಹಾಗೆಯೇ ತಾಲ್ಲೂಕಿನಲ್ಲಿಯೂ ಓಡಲಿ.